‘ಕರಗು’ ಒಂದೇ ಸಾಕೇ? ದ್ರವ್ಯದ ಪಾಠದ ಕೆಲವು ಪದಗಳು

ಬಳಗದ ಎಲ್ಲರಿಗೂ ನಮಸ್ಕಾರ.

ಗದಗ ಜಿಲ್ಲೆಯ ಒಂದು ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮಕ್ಕಳನ್ನು ರಸಾಯನಶಾಸ್ತ್ರಕ್ಕೆ ಕರೆದುಕೊಂಡು ಹೋಗುವ ಬಾಗಿಲೇ ದ್ರವ್ಯದ ಪಾಠ. ದ್ರವ್ಯ ಅಂದರೆ ಏನು, ಅದರ ಸ್ಥಿತಿಗಳು ಯಾವುವು, ಧಾತು, ಸಂಯುಕ್ತ, ಮಿಶ್ರಣ ಅಂದರೆ ಏನು, ಇಷ್ಟೇ ಅದರಲ್ಲಿರುವುದು. ವಿಷಯ ಕಷ್ಟದ್ದಲ್ಲ. ಆದರೆ ಪದಗಳು ಮಕ್ಕಳನ್ನು ತಡೆಯುತ್ತವೆ. ಅದರಲ್ಲೂ ಒಂದು ಪದದ ಬಗ್ಗೆ ನಿಮ್ಮ ಸಹಾಯ ಬೇಕೇ ಬೇಕು. ಆ ಪದ ‘ಕರಗು’.

ಬೆಣ್ಣೆ ಕರಗುತ್ತದೆ. ಐಸ್ ಕರಗುತ್ತದೆ. ಪತ್ತಾರರ ಮೂಸೆಯಲ್ಲಿ ಬಂಗಾರ ಕರಗುತ್ತದೆ. ಸಕ್ಕರೆ ಚಹಾದಲ್ಲಿ ಕರಗುತ್ತದೆ, ಉಪ್ಪು ಸಾರಿನಲ್ಲಿ ಕರಗುತ್ತದೆ. ಟ್ರಂಕಿನಲ್ಲಿ ಬಟ್ಟೆಗಳ ನಡುವೆ ಇಟ್ಟ ಡಾಂಬರ ಗುಳಿಗೆಯೂ ನಾಲ್ಕಾರು ತಿಂಗಳಲ್ಲಿ ಕರಗಿ ಹೋಗುತ್ತದೆ. ಕನ್ನಡದಲ್ಲಿ ಇವೆಲ್ಲಕ್ಕೂ ಒಂದೇ ಮಾತು. ರಸಾಯನಶಾಸ್ತ್ರದಲ್ಲಿ ಇವು ಮೂರು ಬೇರೆ ಬೇರೆ ಸಂಗತಿಗಳು.

ಬೆಣ್ಣೆ, ಐಸ್, ಬಂಗಾರದಲ್ಲಿ ಆಗುವುದು ಸ್ಥಿತಿಯ ಬದಲಾವಣೆ. ಶಾಖ ಸಿಕ್ಕರೆ ಸಾಕು, ಬೇರೆ ಯಾವ ವಸ್ತುವೂ ಬೇಕಿಲ್ಲ. ಐಸ್‌ಗೆ ಇದು 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಗುತ್ತದೆ, ಬಂಗಾರಕ್ಕೆ 1064 ಡಿಗ್ರಿ ಬೇಕು. ಉಪ್ಪು, ಸಕ್ಕರೆಯ ಕಥೆ ಬೇರೆ. ಅಲ್ಲಿ ಎರಡು ವಸ್ತು ಇರಲೇಬೇಕು. ಉಪ್ಪಿನ ಹರಳು ಒಡೆದು, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ನೀರಿನ ಕಣಗಳ ನಡುವೆ ಹರಡಿಕೊಳ್ಳುತ್ತದೆ. ಒಲೆ ಹೊತ್ತಿಸುವ ಕೆಲಸವೇ ಇಲ್ಲ. ಉಪ್ಪು ತಾನೊಂದೇ ಕರಗಿ ದ್ರವವಾಗಬೇಕಾದರೆ 801 ಡಿಗ್ರಿಯವರೆಗೆ ಕಾಯಿಸಬೇಕು! ಇನ್ನು ಡಾಂಬರ ಗುಳಿಗೆ ನಡುವೆ ದ್ರವವಾಗುವುದೇ ಇಲ್ಲ. ಗಟ್ಟಿಯಾಗಿದ್ದದ್ದು ನೇರವಾಗಿ ಆವಿಯಾಗಿ ಹೋಗುತ್ತದೆ. ಪುಸ್ತಕದಲ್ಲಿ ಇದಕ್ಕೆ ಉತ್ಪತನ ಎಂಬ ಹೆಸರಿದೆ.

ಇದು ಬರೀ ಪದದ ಜಗಳ ಅಲ್ಲ. “ಉಪ್ಪ ನೀರಾತಲ್ರಿ ಸರ” ಎಂದು ತರಗತಿಯಲ್ಲಿ ಹುಡುಗರು ಹೇಳುತ್ತಾರೆ. ಅವರ ತರ್ಕ ಸರಿಯಾಗಿಯೇ ಇದೆ. ಐಸ್ ಕರಗಿದರೆ ನೀರು, ತುಪ್ಪ ಕರಗಿದರೆ ತೆಳುವಾದ ತುಪ್ಪ, ಹಾಗಾದರೆ ಉಪ್ಪು ಕರಗಿದರೂ ಅದು ದ್ರವವೇ ಆಗಿರಬೇಕು ಅಲ್ವಾ? ಮಾತು ಕಲಿಸಿದ್ದನ್ನೇ ಅವರು ಹೇಳುತ್ತಿದ್ದಾರೆ. ಆದರೆ ಈ ತಿಳುವಳಿಕೆ ಇಟ್ಟುಕೊಂಡು ಮುಂದಿನ ಪಾಠಕ್ಕೆ ಹೋದರೆ ಮಿಶ್ರಣ ಅಂದರೇನು ಎಂಬುದು ಅರ್ಥವಾಗುವುದಿಲ್ಲ. ಕರಗಿದ ತುಪ್ಪದಲ್ಲಿ ಹೊಸದೇನೂ ಸೇರಿಲ್ಲ. ಶರಬತ್ತಿನಲ್ಲಿ ನೀರೂ ಇದೆ, ಸಕ್ಕರೆಯೂ ಇದೆ. ತಟ್ಟೆಯಲ್ಲಿ ಉಪ್ಪುನೀರು ಹಾಕಿ ಬಿಸಿಲಿಗೆ ಇಟ್ಟರೆ ನೀರು ಹೋಗಿ ಬಿಳಿ ಹರಳು ಉಳಿಯುತ್ತದೆ. ಅದನ್ನು ನೋಡಿದ ಮೇಲೆ ಹುಡುಗರು ಒಪ್ಪುತ್ತಾರೆ. ಆದರೂ ಬಾಯಲ್ಲಿ ಬರುವುದು ಅದೇ ‘ಕರಗು’, ಪರೀಕ್ಷೆಯಲ್ಲಿ ಮತ್ತೆ ಅದೇ ಗೊಂದಲ.

ನೆರೆಯ ಭಾಷೆಗಳಲ್ಲಿ ಹೇಗಿದೆ ನೋಡಿ. ಮರಾಠಿಯಲ್ಲಿ ಐಸ್‌ಗೆ ‘ವಿತಳಣೆ’, ಸಕ್ಕರೆಗೆ ‘ವಿರಘಳಣೆ’. ಹಿಂದಿಯಲ್ಲಿ ‘ಪಿಘಲನಾ’, ‘ಘುಲನಾ’. ತಮಿಳಿನವರು ಬೆಣ್ಣೆಗೆ ‘ಉರುಗು’ ಎನ್ನುತ್ತಾರೆ, ಉಪ್ಪಿಗೆ ‘ಕರೈ’ ಎನ್ನುತ್ತಾರೆ. ತೆಲುಗಿನಲ್ಲಿ ಮಾತ್ರ ನಮ್ಮ ಹಾಗೆಯೇ, ‘ಕರಗು’ ಎರಡಕ್ಕೂ ಬರುತ್ತದೆ. ಹಾಗೆಂದು ಕನ್ನಡಕ್ಕೆ ಇದೊಂದು ಕೊರತೆ ಎಂದು ನಾನು ಹೇಳುವುದಿಲ್ಲ. ಇದ್ದ ಆಕಾರ ಇಲ್ಲವಾಗುವುದನ್ನು ನಮ್ಮ ‘ಕರಗು’ ಹಿಡಿದಿದೆ. ಮೋಡ ಕರಗುವುದೂ ಮನಸ್ಸು ಕರಗುವುದೂ ಅಪ್ಪ ಮಾಡಿಟ್ಟ ಆಸ್ತಿ ಕರಗುವುದೂ ಅದಕ್ಕೇ ಕಿವಿಗೆ ಹೊಂದುತ್ತವೆ. ಕಣ್ಣಿಗೆ ಕಂಡದ್ದನ್ನು ಹೇಳುವ ಪದ ಅದು. ಒಳಗೆ ಏನಾಯಿತು ಎಂದು ಹೇಳಲು ಮಾತ್ರ ಅದು ಸಾಲುವುದಿಲ್ಲ.

ಪುಸ್ತಕಗಳಲ್ಲಿ ‘ದ್ರವೀಕರಿಸು’, ‘ವಿಲೀನವಾಗು’ ಎಂದೆಲ್ಲ ಬಳಸುತ್ತಾರೆ. ವಿಲೀನ ಅಂದರೆ ಮಕ್ಕಳಿಗೆ ಬ್ಯಾಂಕುಗಳ ವಿಲೀನ ನೆನಪಾಗುತ್ತದೆ. ಒಂದು ಬ್ಯಾಂಕು ಹೆಸರಿಲ್ಲದೆ ಹೋಗುವುದು, ಅಷ್ಟೆ. ಉಪ್ಪು ಹಾಗೆ ಇಲ್ಲವಾಗುವುದಿಲ್ಲ, ಅದನ್ನು ಮರಳಿ ಪಡೆಯಬಹುದು. ‘ನೀರಾಗು’ ಎಂಬ ಆಡುಮಾತು ಐಸ್‌ಗೆ ಸೊಗಸಾಗಿ ಹೊಂದುತ್ತದೆ, ಬಂಗಾರ ನೀರಾಯಿತು ಎಂದರೆ ಮತ್ತೆ ತೊಡಕು. ಸದ್ಯಕ್ಕೆ ನಾನು ‘ಕಾದು ಕರಗು’, ‘ಬೆರೆತು ಕರಗು’ ಎಂದು ಬಳಸುತ್ತಿದ್ದೇನೆ. ಹಳೆಯ ಪದ ಉಳಿಯುತ್ತದೆ, ಮುಂದೆ ಸೇರಿಸಿದ ಒಂದು ಮಾತು ವ್ಯತ್ಯಾಸ ಹೇಳುತ್ತದೆ.

ಇದಕ್ಕೂ ಒಬ್ಬ ಹುಡುಗಿ ತಕರಾರು ತೆಗೆದಳು. “ಐಸ್ ಎಲ್ಲಿ ಕಾಯ್ತೈತ್ರಿ ಸರ? ಅದು ತಣ್ಣಗs ಇರ್ತೈತಲ್ರಿ.” ಇಷ್ಟು ಒಳ್ಳೆಯ ತಕರಾರು ಸುಮ್ನೆ ಬಿಡುವಂಥದ್ದಲ್ಲ. ಐಸ್ ಸುತ್ತಲಿನ ಗಾಳಿಯಿಂದ ಶಾಖ ಎಳೆದುಕೊಳ್ಳುತ್ತದೆ, ಒಂದು ಗ್ರಾಂಗೆ ಸುಮಾರು 80 ಕ್ಯಾಲೊರಿ. ಆದರೂ ಅದು ಪೂರ್ತಿ ಕರಗುವವರೆಗೆ ಥರ್ಮಾಮೀಟರ್ 0 ಡಿಗ್ರಿಯಲ್ಲೇ ನಿಂತಿರುತ್ತದೆ. ಸಿಕ್ಕ ಶಾಖವೆಲ್ಲ ಕಣಗಳ ಹಿಡಿತ ಸಡಿಲ ಮಾಡಲು ಖರ್ಚಾಗುತ್ತದೆ. ಅಂದರೆ ‘ಕಾದು’ ಎಂಬ ಪದವೂ ಪೂರ್ತಿ ಸರಿಯಲ್ಲ. ಶಾಖ ಕುಡಿಯುವುದು ಬೇರೆ, ಬಿಸಿಯಾಗುವುದು ಬೇರೆ.

‘ಹೆಪ್ಪುಗಟ್ಟು’ ಕೂಡ ಹೀಗೆಯೇ ಎರಡು ಕೆಲಸ ಮಾಡುತ್ತದೆ. ಚಳಿಗೆ ತುಪ್ಪ ಹೆಪ್ಪುಗಟ್ಟುತ್ತದೆ, ಹಾಲೂ ಹೆಪ್ಪುಗಟ್ಟಿ ಮೊಸರಾಗುತ್ತದೆ. ಮೊದಲನೆಯದನ್ನು ಬಿಸಿ ಮಾಡಿದರೆ ಹಿಂದಿನಂತೆ ಆಗುತ್ತದೆ. ಎರಡನೆಯದರಲ್ಲಿ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನು ಆಮ್ಲ ಮಾಡಿವೆ, ಮೊಸರು ಕಾಯಿಸಿದರೆ ಹಾಲು ಬರುವುದಿಲ್ಲ.

ಕರಗುವ ಮಾತು ಬಿಟ್ಟರೆ ಹೆಚ್ಚು ಕಾಡುವುದು ‘ದ್ರ’ಕಾರದ ಗುಂಪು. ದ್ರವ್ಯ, ದ್ರವ, ದ್ರಾವಣ, ದ್ರಾವಕ, ದ್ರಾವ್ಯ, ದ್ರವ್ಯರಾಶಿ. ಒಂದೇ ಪಾಠದಲ್ಲಿ ಇಷ್ಟೂ ಬರುತ್ತವೆ. ಹದಿಮೂರು, ಹದಿನಾಲ್ಕು ವರ್ಷದ ಮಕ್ಕಳು ಇವನ್ನು ಬಾಯಿಪಾಠ ಮಾಡಿ ಬರೆಯುತ್ತಾರೆ, ಒಂದು ಒತ್ತಕ್ಷರ ಆಚೀಚೆ ಆದರೆ ಅರ್ಥವೇ ಬೇರೆ. ನಾನು ದ್ರಾವಕಕ್ಕೆ ‘ಕರಗಿಸಿಕೊಳ್ಳುವುದು’, ದ್ರಾವ್ಯಕ್ಕೆ ‘ಕರಗಿದ್ದು’ ಎಂದು ಮೊದಲು ಹೇಳಿ, ಪುಸ್ತಕದ ಪದ ಆಮೇಲೆ ಬರೆಸುತ್ತೇನೆ. ಇಲ್ಲಿ ಬ್ಯಾಡಗಿ ಮೆಣಸಿನಕಾಯಿ ತುಂಬಾ ನೆರವಿಗೆ ಬರುತ್ತದೆ. ಅದರ ಕೆಂಪು ನೀರಿನಲ್ಲಿ ಅಷ್ಟಾಗಿ ಬಿಡುವುದಿಲ್ಲ, ಒಗ್ಗರಣೆಯ ಎಣ್ಣೆಗೆ ಹಾಕಿದರೆ ಎಣ್ಣೆಯೇ ಕೆಂಪಾಗುತ್ತದೆ. ಕಾರ್ಖಾನೆಗಳಲ್ಲಿ ಬ್ಯಾಡಗಿಯ ಬಣ್ಣ ತೆಗೆಯುವುದೂ ತಕ್ಕ ದ್ರಾವಕ ಬಳಸಿಯೇ. ಕರಗಿಸಿಕೊಳ್ಳುವುದು ಅಂದರೆ ನೀರೊಂದೇ ಅಲ್ಲ ಎಂದು ಹಾವೇರಿ ಕಡೆಯ ಮಕ್ಕಳಿಗೆ ಬೇರೆ ಉದಾಹರಣೆ ಕೊಡುವ ಕೆಲಸವೇ ಇಲ್ಲ.

ಇನ್ನು ‘ದ್ರವ್ಯ’ದ ವಿವರಣೆ. “ಸ್ಥಳವನ್ನು ಆಕ್ರಮಿಸುವ, ದ್ರವ್ಯರಾಶಿಯನ್ನು ಹೊಂದಿರುವ ಯಾವುದೇ ವಸ್ತು ದ್ರವ್ಯ” ಎಂದು ನಾವೆಲ್ಲ ಕಲಿತಿದ್ದೇವೆ. ಕನ್ನಡದಲ್ಲಿ ಓದಿದಾಗ ಇದು ಸುತ್ತಿ ಸುತ್ತಿ ಅಲ್ಲೇ ಬರುತ್ತದೆ. ದ್ರವ್ಯ ಅಂದರೆ ದ್ರವ್ಯರಾಶಿ ಇರುವುದು. ದ್ರವ್ಯರಾಶಿ ಅಂದರೆ? ದ್ರವ್ಯದ ಪ್ರಮಾಣ. ಜೊತೆಗೆ ನಮ್ಮ ಕಡೆ ರಾಶಿ ಎಂದರೆ ಸುಗ್ಗಿಯಲ್ಲಿ ಜೋಳ, ಕಡಲೆ ಒಕ್ಕಿ ತೂರುವ ಕೆಲಸ. ಆಕ್ರಮಿಸುವುದು ಇತಿಹಾಸದ ಪಾಠದಲ್ಲಿ ದಂಡೆತ್ತಿ ಬಂದವರು ಮಾಡುವ ಕೆಲಸ. “ಜಾಗ ಹಿಡಿಯುತ್ತದೆ, ತೂಗಿದರೆ ತೂಕ ಬರುತ್ತದೆ” ಎಂದು ಶುರು ಮಾಡಿದರೆ ಏನು ತಪ್ಪು? ತೂಕವೂ ದ್ರವ್ಯರಾಶಿಯೂ ಒಂದೇ ಅಲ್ಲ, ನನಗೆ ಗೊತ್ತು. ಚಂದ್ರನ ಮೇಲೆ ತೂಕ ಆರರಲ್ಲಿ ಒಂದು ಪಾಲಾಗುತ್ತದೆ, ದ್ರವ್ಯರಾಶಿ ಹಾಗೇ ಇರುತ್ತದೆ. ಆ ಮಾತನ್ನು ಗುರುತ್ವದ ಪಾಠದಲ್ಲಿ ಹೇಳಬಹುದು. ಮೊದಲ ದಿನ ತಕ್ಕಡಿಯಿಂದ ಹೊರಡುವುದೇ ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಯಾಕೆಂದರೆ ತೂಕ ಎಂದ ಕೂಡಲೇ ಮಕ್ಕಳು ಗಾಳಿಯ ಬಗ್ಗೆ ಕೇಳುತ್ತಾರೆ. ಸಮುದ್ರಮಟ್ಟದಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1.2 ಕಿಲೋ ತೂಗುತ್ತದೆ. ನಮ್ಮ ಎತ್ತರದಲ್ಲಿ ಸ್ವಲ್ಪ ಕಡಿಮೆ. ಆರು ಮೀಟರ್ ಉದ್ದ, ಆರು ಮೀಟರ್ ಅಗಲ, ಮೂರು ಮೀಟರ್ ಎತ್ತರದ ತರಗತಿಯಲ್ಲಿ ಇರುವ ಗಾಳಿಯೇ ನೂರು ಕಿಲೋಗಿಂತ ಜಾಸ್ತಿ. ಒಂದು ಚೀಲ ಜೋಳಕ್ಕಿಂತ ಭಾರ ಎಂದರೆ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ. ಅಲ್ಲೇ ಇನ್ನೊಂದು ತೊಡಕು ನೋಡಿ. ಗಾಳಿ ಅನಿಲ, ಅದನ್ನು ಅಳೆದದ್ದು ‘ಘನ’ ಮೀಟರಿನಲ್ಲಿ! ಘನ ಎಂದರೆ ಗಟ್ಟಿ ಸ್ಥಿತಿಯೂ ಹೌದು, ಗಣಿತದ ಮೂರನೇ ಘಾತವೂ ಹೌದು, ದೊಡ್ಡಸ್ತಿಕೆಯೂ ಹೌದು. ಅದರ ಬದಲು ‘ಗಟ್ಟಿ’ ಎಂದರೆ ಸಾಕಲ್ಲ ಎನ್ನಬಹುದು. ಆದರೆ ಅರಳೆ, ಸ್ಪಂಜು, ಹಿಟ್ಟು ಇವು ಘನ, ಗಟ್ಟಿ ಅಲ್ಲ. ಹಾಗಾಗಿ ಇಲ್ಲಿ ನಾನು ಪುಸ್ತಕದ ಪದದ ಪರ.

ದ್ರವ್ಯ ಎಂಬ ಪದವನ್ನೂ ಬಿಡಬೇಕಾಗಿಲ್ಲ. ಮಕ್ಕಳಿಗೆ ಸುಗಂಧ ದ್ರವ್ಯ ಗೊತ್ತು, ಮಾದಕ ದ್ರವ್ಯ ಪತ್ರಿಕೆಯಿಂದ ಗೊತ್ತು, ಪೂಜಾ ದ್ರವ್ಯ ಮನೆಯಿಂದ ಗೊತ್ತು. ಹಿರಿಯರ ಮಾತಿನಲ್ಲಿ ದ್ರವ್ಯ ಅಂದರೆ ರೊಕ್ಕ. ಶಾಸ್ತ್ರದಲ್ಲಿ ಅದರ ಹರವು ಇನ್ನೂ ದೊಡ್ಡದು. ನಮ್ಮ ಹಳೆಯ ದರ್ಶನಗಳಲ್ಲಿ ಒಂದಾದ ವೈಶೇಷಿಕದವರು ಹೇಳುವ ಒಂಬತ್ತು ದ್ರವ್ಯಗಳಲ್ಲಿ ಕಾಲ, ದಿಕ್ಕು, ಆತ್ಮ, ಮನಸ್ಸು ಸೇರಿವೆ. ಇವನ್ನು ಯಾವ ತಕ್ಕಡಿಯಲ್ಲೂ ಇಡಲಾಗದು. ಜೈನರ ಆರು ದ್ರವ್ಯಗಳಲ್ಲಿ ಒಂದು ‘ಪುದ್ಗಲ’. ಅದಕ್ಕೆ ಸ್ಪರ್ಶ, ರುಚಿ, ವಾಸನೆ, ಬಣ್ಣ ಇವೆ, ಅದು ಅಣುಗಳಿಂದ ಆದದ್ದು. ರಸಾಯನಶಾಸ್ತ್ರದ ದ್ರವ್ಯಕ್ಕೆ ಹತ್ತಿರದ ಹಳೆಯ ಪದ ಅದೇ ಎಂದು ನನಗನಿಸುತ್ತದೆ. ಲಕ್ಕುಂಡಿಯಂಥ ಊರಿನಲ್ಲಿ ಬಸದಿ ಇದ್ದರೂ ಪುದ್ಗಲ ಎಂಬ ಪದ ಆಡುಮಾತಿಗೆ ಇಳಿಯಲಿಲ್ಲ, ಅದನ್ನು ಈಗ ಎಳೆದು ತರುವುದೂ ಬೇಡ. ಬೆಳಕು ದ್ರವ್ಯವೋ ಅಲ್ಲವೋ ಎಂದು ಕೇಳುವ ಮಕ್ಕಳಿಗೆ ಇಷ್ಟನ್ನಂತೂ ಹೇಳುತ್ತೇನೆ: ವೈಶೇಷಿಕರು ತೇಜಸ್ಸನ್ನು, ಅಂದರೆ ಬೆಂಕಿ ಬೆಳಕನ್ನು, ದ್ರವ್ಯದಲ್ಲಿ ಸೇರಿಸಿದ್ದರು, ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲವಾಸಿಯೇ 1789ರಲ್ಲಿ ಕೊಟ್ಟ 33 ಮೂಲವಸ್ತುಗಳ ಪಟ್ಟಿಯಲ್ಲೂ ಬೆಳಕು ಮತ್ತು ಶಾಖ ಇದ್ದವು. ನೀವು ಕೇಳಿದ್ದು ದೊಡ್ಡವರೇ ತಲೆ ಕೆಡಿಸಿಕೊಂಡ ಪ್ರಶ್ನೆ.

‘ಧಾತು’ ಬಗ್ಗೆ ಚುಟುಕಾಗಿ. ಹಿಂದಿ, ಮರಾಠಿಯಲ್ಲಿ ಧಾತು ಅಂದರೆ ಲೋಹ. ಬೆಳಗಾವಿಯಲ್ಲಿ ಮರಾಠಿ ಮನೆಮಾತಿನ ಮಕ್ಕಳು ಬಹಳ. ಅವರಿಗೆ ಆಮ್ಲಜನಕ ಧಾತು ಎಂದರೆ ವಿಚಿತ್ರ ಅನಿಸುತ್ತದೆ. ಮರಾಠಿಯವರು ‘ಮೂಲದ್ರವ್ಯ’ ಎನ್ನುತ್ತಾರೆ. ನಮ್ಮಲ್ಲೂ ‘ಮೂಲವಸ್ತು’ ಎಂಬ ಪದ ಬಳಕೆಯಲ್ಲಿದೆ, ನನಗೆ ಅದೇ ಇಷ್ಟ. ಕನ್ನಡ ವ್ಯಾಕರಣದ ಧಾತು ಬೇರೆ ಅದೇ ಮಕ್ಕಳಿಗೆ ಮುಂದಿನ ಪೀರಿಯಡ್‌ನಲ್ಲಿ ಕಾದಿರುತ್ತದೆ.

‘ಶುದ್ಧ ವಸ್ತು’ ಎಂಬುದು ಇನ್ನೂ ಕಷ್ಟ. ನಮ್ಮ ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕದ ಬೋರ್ಡು ಎಲ್ಲರ ಕಣ್ಣಿಗೆ ಬಿದ್ದಿದೆ. ಆ ನೀರಿನಲ್ಲೂ ಸ್ವಲ್ಪ ಲವಣ ಇದ್ದೇ ಇರುತ್ತದೆ, ಲೆಕ್ಕಕ್ಕೆ ಅದು ಮಿಶ್ರಣ. ಶುದ್ಧ ಹಾಲಂತೂ ನೀರು, ಕೊಬ್ಬು, ಸಕ್ಕರೆ, ಪ್ರೋಟೀನು ಎಲ್ಲ ಸೇರಿದ್ದು. ಇತ್ತ ಮಿಶ್ರಣಕ್ಕೆ ‘ಬೆರಕೆ’ ಎನ್ನೋಣವೆಂದರೆ ಕಲಬೆರಕೆಯ ಕಳಂಕ ಅಂಟಿದೆ. ಗಾಳಿ ಒಂದು ಬೆರಕೆ ಎಂದರೆ ಯಾರೋ ಮೋಸ ಮಾಡಿದಂತೆ ಕೇಳಿಸುತ್ತದೆ. ಇದಕ್ಕೆ ಬಂಗಾರದ ಭಾಷೆ ಸ್ವಲ್ಪ ದಾರಿ ತೋರಿಸುತ್ತದೆ. ‘ಅಪರಂಜಿ’ ಎಂದರೆ ಬೇರೇನೂ ಸೇರದ ಬಂಗಾರ, ಒಂದೇ ಮೂಲವಸ್ತು. 22 ಕ್ಯಾರೆಟ್ಟಿನ ಒಡವೆಯಲ್ಲಿ ಸಾವಿರಕ್ಕೆ 916 ಭಾಗ ಬಂಗಾರ, ಉಳಿದದ್ದು ತಾಮ್ರ, ಬೆಳ್ಳಿಯಂಥವು. ಅದು ಮಿಶ್ರಣ, ಆದರೆ ಮೋಸ ಅಲ್ಲ. ಗಟ್ಟಿಯಾಗಿ ಬಾಳಿಕೆ ಬರಲೆಂದೇ ಬೆರೆಸಿದ್ದು.

ಈಗ ನನ್ನ ಕೇಳಿಕೆ. ‘ಕಾದು ಕರಗು’, ‘ಬೆರೆತು ಕರಗು’ ಎಂಬ ಜೋಡಿ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ? ಹಳಗನ್ನಡದಲ್ಲೋ ಯಾವುದಾದರೂ ಊರಿನ ಮಾತಿನಲ್ಲೋ ಈ ಎರಡಕ್ಕೆ ಬೇರೆ ಬೇರೆ ಪದ ಇದೆಯೇ? ನನಗೆ ಹೆಚ್ಚು ನಂಬಿಕೆ ಇರುವುದು ಕಸುಬಿನವರ ಮಾತಿನ ಮೇಲೆ. ಬೆಟಗೇರಿಯಲ್ಲಿ ನೂಲಿಗೆ ಬಣ್ಣ ಹಾಕುವವರು ಪುಡಿಯನ್ನು ಬಿಸಿನೀರಿಗೆ ಹಾಕುವಾಗ ಏನೆನ್ನುತ್ತಾರೆ? ಪತ್ತಾರರು ಬಂಗಾರ ಮೂಸೆಗೆ ಹಾಕಿದಾಗಲೂ ಅದೇ ಪದ ಬಳಸುತ್ತಾರೆಯೇ? ಗಾಣದ ಮನೆಯಲ್ಲಿ ಬೆಲ್ಲದ ಪಾಕ ಹದಕ್ಕೆ ಬಂದು ಗಟ್ಟಿಯಾಗುವುದಕ್ಕೆ ಏನೆಂದು ಕರೆಯುತ್ತಾರೆ? ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಇಂಥ ಕೆಲಸ ಮಾಡುವವರಿದ್ದರೆ ಅವರನ್ನು ಕೇಳಿ, ಅವರು ಆಡಿದಂತೆಯೇ, ತಿದ್ದದೆ ಬರೆದು ಕಳಿಸಿ. ಯಾವ ಊರು, ಯಾವ ಕಸುಬು ಎಂಬುದನ್ನೂ ಜೊತೆಗೆ ತಿಳಿಸಿದರೆ ಮಕ್ಕಳಿಗೆ ಹೇಳಲು ಅನುಕೂಲವಾಗುತ್ತದೆ.