ಸಹಾಯ ಬೇಕು: ಹಕಲ್‌ಬೆರಿ ಪೈ ನೀರಾಗುತ್ತಿದೆ

ಎಲ್ಲರಿಗೂ ನಮಸ್ಕಾರ. ಸಿಯಾಟಲ್ ಸುತ್ತ ಇರುವವರು, ಬೇಕಿಂಗ್ ಗೊತ್ತಿರುವವರು ದಯವಿಟ್ಟು ಸ್ವಲ್ಪ ಹೇಳಿ.

ಇಲ್ಲಿನ ಕಾಡಿನಲ್ಲಿ ಕೊಳೆತ ಮರದ ಬೊಡ್ಡೆಗಳ ಮೇಲೆ ಬೆಳೆಯುತ್ತದಲ್ವಾ ಕೆಂಪು ಹಕಲ್‌ಬೆರಿ, ಅದರಲ್ಲಿ ಪೈ (ಹಿಟ್ಟಿನ ಹಾಳೆಯೊಳಗೆ ಹಣ್ಣು ತುಂಬಿ ಓವನ್‌ನಲ್ಲಿ ಬೇಯಿಸುವ ತಿಂಡಿ) ಮಾಡುತ್ತಿದ್ದೇನೆ. ನಮ್ಮ ಕವಳಿಕಾಯಿ ಥರ ಚುರುಕು ಹುಳಿ, ನನಗೆ ತುಂಬಾ ಇಷ್ಟ. 9 ಇಂಚಿನ ತಟ್ಟೆಗೆ 4 ಕಪ್ ಹಣ್ಣು, 1 ಕಪ್ ಸಕ್ಕರೆ, ರಸ ಗಟ್ಟಿಯಾಗಲು 3 ಟೇಬಲ್ ಚಮಚ ಕಾರ್ನ್‌ಸ್ಟಾರ್ಚ್ (ಮೆಕ್ಕೆಜೋಳದ ಪಿಷ್ಟ) ಹಾಕುತ್ತೇನೆ. ಮಧ್ಯದಲ್ಲಿ ಗುಳ್ಳೆ ಬರುವವರೆಗೂ ಬೇಯಿಸಿ, ಪೂರ್ತಿ ಆರಿದ ಮೇಲೇ ಕತ್ತರಿಸಿದರೂ ರಸ ಹರಿಯುತ್ತದೆ, ಕೆಳಗಿನ ಹಿಟ್ಟು ಮೆತ್ತಗಾಗುತ್ತದೆ. ಹುಳಿ ಜಾಸ್ತಿಯಿದ್ದರೆ ಕಾರ್ನ್‌ಸ್ಟಾರ್ಚ್ ಸರಿಯಾಗಿ ಹಿಡಿಯುವುದಿಲ್ಲ, ಟ್ಯಾಪಿಯೋಕ (ಮರಗೆಣಸಿನ ಪಿಷ್ಟ) ವಾಸಿ ಅಂತಾರೆ. ಸಬ್ಬಕ್ಕಿಯೂ ಅದರದ್ದೇ ಅಲ್ವಾ, ಹಾಗಾದರೆ ಮನೆಯಲ್ಲಿರುವ ಸಬ್ಬಕ್ಕಿಯನ್ನೇ ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ ಹಾಕಬಹುದಾ? 4 ಕಪ್ ಹಣ್ಣಿಗೆ ಎಷ್ಟು?

ಸಕ್ಕರೆ ಇನ್ನೂ ಸುರಿಯಿರಿ ಅಂತ ಮಾತ್ರ ಹೇಳಬೇಡಿ, ಆ ಹುಳಿಗೋಸ್ಕರವೇ ಈ ಹಣ್ಣು ಆರಿಸುವುದು.

ಇನ್ನೊಂದು, ಅತ್ತೆ ಮೊಟ್ಟೆ ತಿನ್ನುವುದಿಲ್ಲ. ಪೈ ಮೇಲೆ ಮೊಟ್ಟೆಯ ಬದಲು ಬರೀ ಹಾಲು ಸವರಿದರೆ ಬಣ್ಣ ಚೆನ್ನಾಗಿ ಬರುತ್ತದಾ, ಕ್ರೀಮೇ ಬೇಕಾ? ಶನಿವಾರ ಅವರಿಗೆ ಮಾಡಿಕೊಡಬೇಕು, ಅಷ್ಟರೊಳಗೆ ತಿಳಿಸಿದರೆ ದೊಡ್ಡ ಉಪಕಾರ.