ಲಾಫ್ಟ್ ಮೇಲೆ ಟ್ಯಾಂಕ್, ಗೋಡೆಗುಂಟ ಬಿರುಕು

(ಮನೆ ಕಟ್ಟುವವರ ಗುಂಪಿನ ಮಾತುಕತೆ. ಕೇಳುವವರ ಹೆಸರಿನ ಬದಲು ಅವರ ಊರು, ಬಡಾವಣೆ ಇದೆ.)

ವಿದ್ಯಾನಗರ: ಸರ್, ಅಡುಗೆಮನೆ ಲಾಫ್ಟ್ (ಸಾಮಾನಿಡೋಕೆ ಗೋಡೆಯಿಂದ ಚಾಚಿದ ಸ್ಲ್ಯಾಬು) ಎಷ್ಟು ಎತ್ತರಕ್ಕೆ ಬರಬೇಕು?

ಇಂಜಿನಿಯರ್: ನೆಲದಿಂದ 7 ಅಡಿ, ಲಿಂಟಲ್ (ಬಾಗಿಲು-ಕಿಟಕಿ ಮೇಲಿನ ಕಾಂಕ್ರೀಟ್ ಅಡ್ಡಪಟ್ಟಿ) ಮಟ್ಟ. ಅಗಲ 2 ಅಡಿ ಸಾಕು. ಜಾಸ್ತಿ ಆದ್ರೆ ಹಿಂದಿನ ಸಾಮಾನು ಕೈಗೆ ಸಿಗಲ್ಲ.

ನಿಟ್ಟುವಳ್ಳಿ: ಬಚ್ಚಲುಮನೆ ಲಾಫ್ಟ್ ಎರಡೂವರೆ ಅಡಿ ಚಾಚಿದೆ, ಒಂದೇ ಗೋಡೆ ಆಸರೆ. ಮೇಲೆ 300 ಲೀಟರ್ ಟ್ಯಾಂಕ್ ಇದೆ. ಈಗ ಲಾಫ್ಟಿನ ಮೇಲ್ಮೈಲಿ ಗೋಡೆಗುಂಟ ಕೂದಲೆಳೆಯಷ್ಟು ಬಿರುಕು. ಬಿಳಿ ಸಿಮೆಂಟಿಗೆ ಗೋಂದು ಕಲಸಿ ತುಂಬಿ ಅಂತ ಫಾರ್ವರ್ಡ್ ಬಂದಿತ್ತು. ತುಂಬಲಾ?

ಇಂಜಿನಿಯರ್: ತುಂಬಬೇಡಿ! ಇವತ್ತೇ ಟ್ಯಾಂಕ್ ಖಾಲಿ ಮಾಡಿ. 300 ಲೀಟರ್ ಅಂದ್ರೆ 300 ಕೆಜಿ, ಟ್ಯಾಂಕಿನ ಬುಡ ಅರ್ಧ ಚದರ ಮೀಟರೂ ಇರಲ್ಲ. ಜನ ಓಡಾಡೋ ಕೋಣೆಯ ನೆಲಕ್ಕೇ ನಾವು ಲೆಕ್ಕ ಹಿಡಿಯೋದು ಚದರ ಮೀಟರಿಗೆ 200 ಕೆಜಿ. ಚಾಚಿದ ಸ್ಲ್ಯಾಬಲ್ಲಿ ಎಳೆತ ಮೇಲ್ಮೈಗೆ ಬೀಳುತ್ತೆ. ಅದಕ್ಕೇ ಮುಖ್ಯ ಕಂಬಿ ಮೇಲಿರಬೇಕು, ಅದರ ಮೇಲೆ ಸುಮಾರು 20 ಮಿಮೀ ಕಾಂಕ್ರೀಟ್ ಹೊದಿಕೆ ಬಿಟ್ಟು. ಕಾಂಕ್ರೀಟ್ ಹಾಕೋವಾಗ ಕಂಬಿ ತುಳಿದುಕೊಂಡು ಓಡಾಡಿದ್ರೆ ಅದು ತಳಕ್ಕೆ ಕೂರುತ್ತೆ, ಇದ್ದೂ ಇಲ್ಲದಂಗೆ. ಕಂಬಿ ಲಿಂಟಲ್ ಒಳಗೆ ಸಾಕಷ್ಟು ಹೋಗದಿದ್ರೂ ಬಿರುಕು ಬಿಡೋದು ಇದೇ ಜಾಗದಲ್ಲಿ. ಇಂಥದ್ದು ಒಮ್ಮೆಲೇ ಕಳಚಿ ಬೀಳಬಹುದು.

ಖಾಲಿ ಆದ್ಮೇಲೆ ಹೊರ ಅಂಚಿನಡಿ ಅಡ್ಡ ಹಲಗೆ ಕೊಟ್ಟು ಎರಡು ಕಬ್ಬಿಣದ ಜಾಕಿ (ಆಸರೆ ಕಂಬ) ನಿಲ್ಲಿಸಿ. ಆಮೇಲೆ ಮೇಸ್ತ್ರಿ ಕೈಲಿ ಬಿರುಕಿನ ಹತ್ರ ಒಂದಡಿ ಉದ್ದ ಒಡೆಸಿ, ಕಂಬಿ ಎಷ್ಟು ಆಳದಲ್ಲಿದೆ ಅಳೆದು ಫೋಟೋ ಹಾಕಿ. ಗೋಂದು ಬಿರುಕನ್ನ ಕಣ್ಣಿಂದ ಮರೆಮಾಡುತ್ತೆ ಅಷ್ಟೇ.

ಹರಿಹರ: ಲಾಫ್ಟ್ ಎತ್ತರ ಎಷ್ಟಿರಬೇಕು ಸರ್?

ಇಂಜಿನಿಯರ್: ಮೇಲೆ ಓದಿ.

ಚಿತ್ರದುರ್ಗ: ಕನ್ನಡದಲ್ಲಿ ಅಟ್ಟ ಅನ್ನಿ.

ಪಿ.ಜೆ. ಬಡಾವಣೆ: ಅಟ್ಟ ಬೇರೆ ಕಣ್ರೀ. ತೊಲೆ ಮೇಲೆ ಹಲಗೆ ಹಾಸಿ ಕಾಳಿನ ಚೀಲ ಇಡೋದು ಅಟ್ಟ. ಇದು ಗೋಡೆಯಿಂದ ಚಾಚಿದ ಸ್ಲ್ಯಾಬು.

ಚಿತ್ರದುರ್ಗ: ಹಂಗಾದ್ರೆ ಮಾಳಿಗೆ?

ಪಿ.ಜೆ. ಬಡಾವಣೆ: ಮಾಳಿಗೆ ಮಣ್ಣು ಹಾಕಿದ ಚಾವಣಿ. ದುರ್ಗದವರಿಗೆ ಹೇಳಿಕೊಡಬೇಕಾ?

ಆಂಜನೇಯ ಬಡಾವಣೆ: ಪಾರಿವಾಳದ ಗೂಡಿಗೂ ಲಾಫ್ಟ್ ಅಂತಾರೆ. ತಾರಸಿ ಮೇಲೆ ಅದನ್ನ ಕಟ್ಟೋಕೆ ಯಾವ ದಿಕ್ಕು ಒಳ್ಳೇದು?

ಚಿತ್ರದುರ್ಗ: ಗಾಲ್ಫಲ್ಲಿ ಕೋಲಿನ ಮುಖದ ಓರೆಗೂ ಲಾಫ್ಟೇ. ಅದಕ್ಕೇ ಕನ್ನಡ ಪದ ಬಳಸಿ ಅಂದಿದ್ದು.

ಇಂಜಿನಿಯರ್: ಪದದ ಜಗಳ ಬೇರೆ ಕಡೆ ಇಟ್ಟುಕೊಳ್ಳಿ.

ವಿದ್ಯಾನಗರ: ಸೆಂಟ್ರಿಂಗ್ (ಕಾಂಕ್ರೀಟ್ ಗಟ್ಟಿಯಾಗೋವರೆಗೆ ಕೆಳಗೆ ಕೊಡೋ ಹಲಗೆ, ಆಸರೆ) 3 ದಿನಕ್ಕೇ ಬಿಚ್ಚಬಹುದು ಅಂತ ಒಂದು ವಿಡಿಯೋ ಬಂದಿದೆ.

ಇಂಜಿನಿಯರ್: ಅಂಥ ವಿಡಿಯೋ ಇಲ್ಲಿ ಹಾಕಬೇಡಿ. ಚಾಚಿದ್ದಕ್ಕೆ 14 ದಿನ ಬಿಡಿ. ಮೇಲಿನ ಗೋಡೆ ಕಟ್ಟಿರಬೇಕು, ಅದರ ಭಾರವೇ ಲಾಫ್ಟನ್ನ ಹಿಡಿಯೋದು. ಬಿಚ್ಚೋವಾಗ ಹೊರತುದಿಯ ಆಸರೆ ಮೊದಲು, ಗೋಡೆ ಬದಿಯದು ಕೊನೆಗೆ.

ನಿಟ್ಟುವಳ್ಳಿಯವರೇ, ಖಾಲಿ ಆಯ್ತಾ?

ನಿಟ್ಟುವಳ್ಳಿ: ಅರ್ಧ ಇಳಿದಿದೆ. ಬೆಳಿಗ್ಗೆ ಸ್ನಾನಕ್ಕೆ ಬೇಕಲ್ಲ ಸರ್.

ಇಂಜಿನಿಯರ್: ಪೂರ್ತಿ ಬಿಡಿ. ಬಕೆಟ್ಟಲ್ಲಿ ತುಂಬಿಟ್ಟುಕೊಳ್ಳಿ, ಸ್ನಾನ ಹಿತ್ತಲಲ್ಲಿ ಮಾಡಿ. ಜಾಕಿ ನಿಲ್ಲೋವರೆಗೆ ಬಚ್ಚಲಿಗೆ ಬೀಗ ಹಾಕಿ, ಮಕ್ಕಳು ಹೋಗಬಾರದು.