ಸಹಾಯ ಬೇಕು: ಕನ್ನಡ ಓದಲು ಇ-ರೀಡರ್ ಕೊಳ್ಳಬಹುದೇ?

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 72 ವರ್ಷ. ಕಣ್ಣಿನ ಪೊರೆ ತೆಗೆಸಿದ ಮೇಲೂ ಪುಸ್ತಕದ ಅಕ್ಷರ ಸಣ್ಣದು ಎನ್ನುತ್ತಾರೆ. ಮೊಬೈಲ್‌ನಲ್ಲಿ ಅರ್ಧ ಗಂಟೆ ಓದಿದರೆ ಕಣ್ಣಲ್ಲಿ ನೀರು. ಹಾಗಾಗಿ ಇ-ಇಂಕ್ ಪರದೆಯ ಇ-ರೀಡರ್ ಕೊಡಿಸುವ ಯೋಚನೆ. ಪರದೆ ಕಾಗದದಂತೆ ಕಾಣುತ್ತದೆ, ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುತ್ತದೆ. ಅಲ್ಲಿಗೆ ಸರಿ.

ತೊಡಕಿರುವುದು ಕನ್ನಡದಲ್ಲಿ. ಗೆಳೆಯನ 6 ಇಂಚಿನ ಇ-ರೀಡರ್ ತಂದು ನೋಡಿದೆ. ಅಪ್ಪ ಓದುವುದು ಹೆಚ್ಚಾಗಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುವ ಹಳೆಯ ಪುಸ್ತಕಗಳ ಸ್ಕ್ಯಾನ್ ಮಾಡಿದ ಪಿಡಿಎಫ್. ಅವು ಬರಿಯ ಚಿತ್ರಗಳಲ್ಲವೇ, ಅಕ್ಷರದ ಗಾತ್ರ ಹೆಚ್ಚಿಸುವ ಗುಂಡಿ ಅಲ್ಲಿ ಕೆಲಸಕ್ಕೆ ಬಾರದು. ಪುಟವನ್ನೇ ಹಿಗ್ಗಿಸಿದರೆ ಸಾಲುಸಾಲಿಗೂ ಎಳೆದಾಡಬೇಕು, ಎಳೆದಾಗೆಲ್ಲ ಪರದೆ ಮಿನುಗುತ್ತದೆ. ಇಪಬ್ ಎಂಬ ಇ-ಪುಸ್ತಕ ರೂಪದ ಕಡತದಲ್ಲಿ ಅಕ್ಷರ ದೊಡ್ಡದಾಯಿತು ನಿಜ, ಆದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿ. ‘ಸ್ತ್ರೀ’ ಮೂರು ತುಂಡಾಗಿತ್ತು!

ಬಳಸಿದವರು ದಯವಿಟ್ಟು ತಿಳಿಸಿ. ಕನ್ನಡ ಫಾಂಟ್ ನಾವೇ ಹಾಕಿಕೊಂಡರೆ ಒತ್ತಕ್ಷರ ಸರಿಹೋಗುತ್ತದೆಯೇ? ಆಂಡ್ರಾಯ್ಡ್ ಇರುವ ಇ-ಇಂಕ್ ಸಾಧನದಲ್ಲಿ ಕನ್ನಡ ಇ-ಪುಸ್ತಕಗಳ ಆ್ಯಪ್ ಸಲೀಸಾಗಿ ನಡೆಯುತ್ತದೆಯೇ? ಸ್ಕ್ಯಾನ್ ಪುಟಗಳಿಗೆ 8 ಇಂಚು ಸಾಲುತ್ತದೆಯೋ, 10 ಇಂಚೇ ಬೇಕೋ? ಅಥವಾ ಸಾಧಾರಣ ಟ್ಯಾಬ್ಲೆಟ್ ಕೊಡಿಸಿ ಬೆಳಕು ತಗ್ಗಿಸಿದರೆ ಸಾಕೇ?

20,000 ರೂಪಾಯಿ ದಾಟುವಂತಿಲ್ಲ. ಅಪ್ಪನಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಆ ದುಡ್ಡಿಗೆ ಎಷ್ಟು ಪುಸ್ತಕ ಬರುತ್ತಿತ್ತು ಎಂದು ಲೆಕ್ಕ ಹಾಕಲು ಕೂರುತ್ತಾರೆ.